ಅಪೊಮಿ ಬೈಯದೆ ಹೋದ ದಿನ

ನದಿದಡದ ಮೋಪ್ತಿ ಪೇಟೆಯ ದೋಣಿರೇವಿನಲ್ಲಿ ಈರುಳ್ಳಿ ಅಪೊಮಿಯನ್ನು ಅರಿಯದವರಿಲ್ಲ. ಬಾಂಜಾಗಾರಾ ಬಂಡೆಗಳ ಕಡೆಯಿಂದ ಲಾರಿಯಲ್ಲಿ ಇಳಿದು ಬರುವ ಈರುಳ್ಳಿ ಚೀಲಗಳು, ಕುಟ್ಟಿ ಒಣಗಿಸಿದ ಈರುಳ್ಳಿ ಉಂಡೆಗಳು, ಎಲ್ಲವೂ ಅವನ ಕೈ ದಾಟಿಯೇ ದೋಣಿ ಹತ್ತಬೇಕು. ಉದ್ದನೆಯ ಆಳು, ನಡಿಗೆ ನಿಧಾನ, ಮಾತು ಇನ್ನೂ ನಿಧಾನ. ಆದರೆ ಬೆಳಿಗ್ಗೆ ರೇವಿಗೆ ಬಂದವನು ಮೊದಲು ಮಾಡುವ ಕೆಲಸ ಚೀಲ ನೋಡುವುದಲ್ಲ, ಬಾಮೊಯ್ ಕೊಂತಾವೊನನ್ನು ಬೈಯುವುದು.

"ಏನೋ ಮೀನೇ, ಇನ್ನೂ ನೀರಲ್ಲೇ ಇದೀಯಾ? ಯಾರೂ ಬಲೆ ಹಾಕ್ಲಿಲ್ವಾ ನಿಂಗೆ?"

"ನೀನ್ ಬರ್ತಿದೀಯಾ ಅಂತ ಗಾಳಿನೇ ಹೇಳ್ತು ಈರುಳ್ಳಿ. ನಿನ್ ಹೆಂಡ್ತಿ ಅಳೋದು ನಿನ್ ಕಾಟಕ್ಕೆ ಅಂತ ಊರೆಲ್ಲ ಅಂದ್ಕೊಂಡಿದೆ. ಪಾಪ, ಅವಳು ಅಳೋದು ವಾಸನೆಗೆ."

"ನೀರಲ್ಲಿರೋ ತನಕ ನಿನ್ ಸೊಕ್ಕು. ನೆಲದ ಮೇಲೆ ನಾಲ್ಕ್ ಹೆಜ್ಜೆ ಬಾ, ನೋಡೋಣ."

ಬಾಮೊಯ್ ಬೋಜೊ ಮೀನುಗಾರರವನು, ಸರಕು ಸಾಗಿಸುವ ಉದ್ದನೆಯ ದೋಣಿಯ ಯಜಮಾನ. ಅಪೊಮಿ ಬಂಡೆಗಳ ಕಡೆಯ ದೋಗೊನ್ ಜನದವನು. ದೋಗೊನರೂ ಬೋಜೊಗಳೂ ಬೈದಾಡುವ ನೆಂಟರು. ಹಿಂದೆ ಎಂದೋ ಬರಗಾಲದಲ್ಲಿ ಇಬ್ಬರು ಅಣ್ಣತಮ್ಮಂದಿರು ದಾರಿ ನಡೆಯುತ್ತಿದ್ದರಂತೆ. ತಮ್ಮ ಹಸಿವಿನಿಂದ ಬಿದ್ದ. ಅಣ್ಣ ಪೊದೆಯ ಹಿಂದೆ ಹೋಗಿ ತನ್ನ ತೊಡೆಯ ಮಾಂಸವನ್ನೇ ಕೊಯ್ದು, ಸುಟ್ಟು, ಬೇಟೆ ಸಿಕ್ಕಿತು ಎಂದು ಹೇಳಿ ತಿನ್ನಿಸಿದ. ತಿಂದವನ ಮಕ್ಕಳು ದೋಗೊನರು, ಕೊಟ್ಟವನ ಮಕ್ಕಳು ಬೋಜೊಗಳು. ಅಂದಿನಿಂದ ಒಬ್ಬರಿಗೊಬ್ಬರು ಏನು ಬೈದರೂ ಸಿಟ್ಟಾಗುವಂತಿಲ್ಲ, ಒಬ್ಬರು ಇನ್ನೊಬ್ಬರ ಮೈಯಿಂದ ಒಂದು ಹನಿ ರಕ್ತ ಬೀಳಿಸುವಂತಿಲ್ಲ. ನಿಜವೋ ಸುಳ್ಳೋ ಎಂದು ನನ್ನನ್ನು ಕೇಳಬೇಡಿ. ರೇವಿನಲ್ಲಿ ಇದುವರೆಗೆ ಯಾರೂ ಕೇಳಿಲ್ಲ.

ಬಾಮೊಯ್‌ನನ್ನು ಇಷ್ಟು ಬೈಯುವ ಈ ಬಾಯಿ ಬೇರೆಯವರ ಮುಂದೆ ಬೆಣ್ಣೆ. ಯಾರ ಮನೆಯಲ್ಲಿ ಸಾವಾದರೂ ಗೋರಿ ಅಗೆಯಲು ಗುದ್ದಲಿ ಹಿಡಿದು ಮೊದಲು ಬರುವವನು ಅಪೊಮಿ. ಅವನ ಕೈಗಾಡಿ ಎಂದರೆ ಕೇರಿಯ ಕೈಗಾಡಿ. ಶಾಲೆಯ ಕಾವಲುಗಾರ ಲಸ್ಸಾನಾನ ಮಗನ ಮದುವೆಯಲ್ಲಿ ಹಂಡೆ ಹೊತ್ತವನು, ನೀರು ತುಂಬಿಸಿದವನು, ಎಲ್ಲರೂ ಉಂಡ ಮೇಲೆ ತಳ ತಿಕ್ಕಿದವನು ಅವನೇ. ದರ್ಜಿ ನೂಹುಂ ಕಾಲು ಮುರಿದುಕೊಂಡು ಮಲಗಿದ್ದಾಗ ಅವನನ್ನು ಬೆನ್ನ ಮೇಲೆ ಹೊತ್ತು ಬಚ್ಚಲಿಗೆ ಒಯ್ದವನೂ ಅವನೇ. ತನಗೊಂದು ಕೆಲಸ ಆಗಬೇಕಾದರೆ ಮಾತ್ರ ನಾಲಿಗೆ ಏಳುವುದಿಲ್ಲ. ಒಂದು ಸಲ ಮನೆಯ ಮಣ್ಣಿನ ಮಾಳಿಗೆ ಸೋರಿತು. ಒಬ್ಬನೇ ಮಣ್ಣು ಕಲೆಸಿದ, ಒಂದೊಂದು ಬುಟ್ಟಿಗೂ ಏಣಿ ಹತ್ತಿ ಇಳಿದ. ಎದುರುಮನೆಯ ಲಸ್ಸಾನಾ ಜಗಲಿಯಲ್ಲಿ ಸುಮ್ಮನೆ ಕೂತು ಹಲ್ಲುಕಡ್ಡಿ ಅಗಿಯುತ್ತಿದ್ದ. ಕೊನೆಗೆ ಅವನೇ, "ಒಂದ್ ಮಾತು ಕರೀಬಾರ್ದೇನಯ್ಯಾ" ಎಂದರೆ ಇವನು, "ಮುಗೀತಲ್ಲ, ಬಿಡು" ಎಂದ. ಕೇರಿಯವರು ಇದನ್ನು ದೊಡ್ಡ ಗುಣ ಎಂದರು. ಅವನ ಹೆಂಡತಿ ಯಾಯಿಗೆರೆ ಇದಕ್ಕೆ ಬೇರೆ ಹೆಸರು ಇಟ್ಟುಕೊಂಡಿದ್ದಳು, ಆದರೆ ಅಲ್ಲಿಯವರೆಗೆ ಹೇಳಿರಲಿಲ್ಲ.

ಇದು ಹುಟ್ಟುಗುಣವಲ್ಲ. ಚಿಕ್ಕವನಿದ್ದಾಗ ಹಳ್ಳಿಯಲ್ಲಿ ಅವನ ಅವ್ವ ಉಪ್ಪಿಗೆ, ಬಿತ್ತನೆ ಬೀಜಕ್ಕೆ, ಕತ್ತೆಗೆ, ಗುದ್ದಲಿಗೆ, ಎಲ್ಲಕ್ಕೂ ಅವನನ್ನೇ ಅಟ್ಟುತ್ತಿದ್ದಳು. ದೊಡ್ಡವರು ಹೋದರೆ ಇಲ್ಲ ಅಂದಾರು, ಮಗುವಿಗೆ ಅನ್ನಲಾರರು ಎಂಬುದು ಅವಳ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು, ಯಾರೂ ಇಲ್ಲ ಎನ್ನಲಿಲ್ಲ. ಆದರೆ ಅಂಗಳದಲ್ಲಿ ಇವನು ಕಾಣಿಸಿದ ಕೂಡಲೇ ಒಳಗಿನ ಮಾತು ನಿಲ್ಲುತ್ತಿತ್ತು. ಯಾರೋ ಒಬ್ಬಳು ನಿಟ್ಟುಸಿರು ಬಿಟ್ಟು ಎದ್ದು, "ಇವತ್ತೇನ್ ಬೇಕಂತೋ ನಿಮ್ಮವ್ವಂಗೆ" ಎನ್ನುತ್ತಿದ್ದಳು. ಐವತ್ತು ದಾಟಿದರೂ ಆ ನಿಟ್ಟುಸಿರು ಅವನ ಕಿವಿ ಬಿಟ್ಟು ಹೋಗಿರಲಿಲ್ಲ. ಮೋಪ್ತಿಗೆ ಬಂದ ಮೇಲೆ ಇನ್ನು ಯಾರ ಅಂಗಳದಲ್ಲೂ ಹಾಗೆ ನಿಲ್ಲುವುದಿಲ್ಲ ಎಂದು ಮನಸ್ಸು ಕಟ್ಟಿಕೊಂಡ, ಹಾಗೆಯೇ ಬದುಕಿದ.

ಆ ವರ್ಷ ನದಿ ಇಳಿಯುವ ಹೊತ್ತಿಗೆ ಯಾಯಿಗೆರೆಗೆ ರಕ್ತ ಹೋಗಲು ಶುರುವಾಯಿತು. ಹೊಟ್ಟೆಯಲ್ಲಿ ಗಡ್ಡೆ. ನಾಟಿ ಔಷಧಿ ಕುಡಿದಳು, ಬೇರು ಅರೆದಳು, ಕೊನೆಗೆ ನಿಂತಲ್ಲೇ ಕುಸಿದಾಗ ಅವಳನ್ನು ಕೈಗಾಡಿಯಲ್ಲೇ ಮಲಗಿಸಿಕೊಂಡು ಅಪೊಮಿ ಆಸ್ಪತ್ರೆಗೆ ಓಡಿದ. ಹೊರಗಿನಿಂದ ಬರುವ ಸರ್ಜನ್ ಗುರುವಾರ ಬರುತ್ತಾರೆ, ಅವತ್ತೇ ಗಡ್ಡೆ ತೆಗೆಯಬೇಕು, ಇನ್ನು ತಡೆಯುವಂತಿಲ್ಲ ಎಂದರು.

"ಯಜಮಾನ್ರೇ, ರಕ್ತ ಕೊಡೋರು ಇಬ್ರನ್ನ ಕರ್ಕೊಂಡ್ ಬನ್ನಿ," ಎಂದಳು ನರ್ಸು. "ಯಾವ ಗುಂಪಾದ್ರೂ ಪರ್ವಾಗಿಲ್ಲ. ಅವರು ಕೊಟ್ಟಿದ್ದು ರಕ್ತ ಇಡೋ ತಣ್ಣನೆ ಪೆಟ್ಟಿಗೆಗೆ ಹೋಗುತ್ತೆ, ಪೆಟ್ಟಿಗೇಲಿರೋದ್ರಲ್ಲಿ ಹೊಂದೋದನ್ನ ನಿಮ್ಮನೆಯವ್ರಿಗೆ ಹಾಕ್ತೀವಿ. ಬುಧವಾರ ಸಂಜೆ ಒಳಗೆ ಇಬ್ರೂ ಬಂದಿರ್ಬೇಕು. ಇಲ್ದಿದ್ರೆ ಡಾಕ್ಟ್ರು ಕೈ ಇಡಲ್ಲ."

ಅಪೊಮಿ ಅಲ್ಲೇ ಅಂಗಿಯ ತೋಳು ಮಡಿಸಿ ಕೈ ಚಾಚಿದ. ಹಿಂದೆ ಕಾಮಾಲೆ ಆಗಿತ್ತೆಂದು ಅವನ ರಕ್ತ ಬೇಡವೆಂದರು. ಮಗಳು ಕಾಜಾ ಎದೆಹಾಲು ಕೊಡುವ ಬಾಣಂತಿ, ಅವಳದ್ದೂ ಬೇಡ. ಇಬ್ಬರೇ ಇಬ್ಬರು ಬೇಕಿತ್ತು, ಇಡೀ ಕೇರಿಯೇ ಅವನಿಗೆ ಗೆಳೆಯರು. ಆದರೂ ಆ ಸೋಮವಾರವಿಡೀ ಅವನು ಯಾರ ಬಾಗಿಲಿಗೂ ಹೋಗಲಿಲ್ಲ.

ಮಂಗಳವಾರ ಬೆಳಿಗ್ಗೆ ಲಸ್ಸಾನಾನ ಮನೆಗೆ ಹೋದ. ಹೋಗುವಾಗ ಬರಿಗೈಯಲ್ಲಿ ಹೋಗಲಾರದೆ ಒಂದು ಬುಟ್ಟಿ ಈರುಳ್ಳಿ ಉಂಡೆ ಹೊತ್ತುಕೊಂಡ. ಅಲ್ಲೇ ಕೆಟ್ಟಿತು ನೋಡಿ. ಲಸ್ಸಾನಾ ಹಿಗ್ಗಿ ಚಾಪೆ ಹಾಕಿದ. ನಮ್ಮಲ್ಲಿ ಕುಶಲ ಕೇಳುವುದು ಒಂದು ಮಾತಿಗೆ ಮುಗಿಯುವಂಥದ್ದಲ್ಲ. ಮನೆಯವರು ಹೇಗಿದ್ದಾರೆ, ಚೆನ್ನಾಗಿದ್ದಾರೆ. ಮಕ್ಕಳು ಹೇಗಿದ್ದಾರೆ, ಚೆನ್ನಾಗಿದ್ದಾರೆ. ಊರಲ್ಲಿ ಹಿರಿಯರು, ಚೆನ್ನಾಗಿದ್ದಾರೆ. ಉತ್ತರ ಯಾವಾಗಲೂ ಚೆನ್ನಾಗಿದ್ದಾರೆ ಎಂದೇ. ಸತ್ತವರ ಸುದ್ದಿಯನ್ನೂ ಕುಶಲವೆಲ್ಲ ಮುಗಿದ ಮೇಲೆ ಹೇಳಬೇಕು. "ಯಾಯಿಗೆರೆ ಹೇಗಿದಾಳಪ್ಪಾ" ಎಂದಾಗ ಅಪೊಮಿಯ ಬಾಯಿ ರೂಢಿಯಂತೆ "ಚೆನ್ನಾಗಿದಾಳೆ" ಎಂದುಬಿಟ್ಟಿತು. ಆಮೇಲೆ ಅದನ್ನು ವಾಪಸು ತೆಗೆದುಕೊಳ್ಳುವುದು ಹೇಗೆ? ಮೊದಲ ಸುತ್ತಿನ ಚಹಾ ಆದ ಮೇಲೆ ಕೇಳೋಣ ಎಂದುಕೊಂಡ. ಎರಡನೆಯದು ಆಯಿತು. ಮೂರನೆಯದಕ್ಕೆ ಸಕ್ಕರೆ ಸುರಿಯುವಾಗ ಲಸ್ಸಾನಾ ತನ್ನ ಬೆನ್ನುನೋವಿನ ಮಾತು ತೆಗೆದ. ಅಪೊಮಿ ಬೆನ್ನಿಗೆ ಯಾವ ಎಣ್ಣೆ ಒಳ್ಳೆಯದೆಂದು ಹೇಳಿ, ಲೋಟ ಕೆಳಗಿಟ್ಟು, ಎದ್ದು ಬಂದ. ಬೀದಿ ತಿರುವಿನಲ್ಲಿ ನಿಂತು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ.

ಅಲ್ಲಿಂದ ಹೋಗಿ ನೂಹುಂನನ್ನು ಕೇಳಿದ. ಹೇಗೆ ಕೇಳಿದನೋ ಅವನಿಗೇ ಗೊತ್ತಿಲ್ಲ, ನೆಲ ನೋಡಿಕೊಂಡು, ಪಾಠ ಒಪ್ಪಿಸಿದಂತೆ. ನೂಹುಂ ಕೂಡಲೇ, "ಅಯ್ಯೋ ಮಾರಾಯ, ನಡಿ" ಎಂದು ಕತ್ತರಿ ಇಟ್ಟು ಎದ್ದ. ಆದರೆ ಏಳುವ ಮುಂಚೆ ಒಂದು ಉಸಿರು ಬಿಟ್ಟ. ಮೊಣಕಾಲು ನೋವಿನವರು ಏಳುವಾಗ ಬಿಡುವ ಉಸಿರು, ಅಷ್ಟೇ. ಅಪೊಮಿಗೆ ಅಷ್ಟೇ ಸಾಕಾಯಿತು. ದಾರಿಯುದ್ದಕ್ಕೂ ಉಪಕಾರ, ಉಪಕಾರ ಎಂದ. ರಕ್ತ ಕೊಟ್ಟು ಬಂದವನಿಗೆ ಹಾಲು ಕುಡಿಸಿದ, ರಕ್ತ ಊರಲೆಂದು ಕುರಿಯ ಈಲಿ ಸುಟ್ಟು ತಿನ್ನಿಸಿದ, ಮನೆಯವರೆಗೆ ಕೈಗಾಡಿಯಲ್ಲಿ ಕೂರಿಸಿ ತಳ್ಳಿದ.

"ನಾನೇನ್ ಬಾಣಂತಿನೇನೋ," ಎಂದು ನೂಹುಂ ರೇಗಿದ. "ಇಳಿಸೋ ನನ್ನ, ಜನ ನೋಡ್ತಿದಾರೆ. ನೀನ್ ಹೊತ್ತಾಗ ನಾನ್ ಹಿಂಗೆಲ್ಲಾ ಆಡಿದ್ನಾ?"

ಅವನು ಹೇಳಿದ್ದು ಸರಿಯೇ. ಆದರೆ ಅಪೊಮಿಗೆ ಆ ದಿನವಿಡೀ ನೂಹುಂನ ಮುಖ ನೋಡಲಾಗಲಿಲ್ಲ. ಅಷ್ಟು ವರ್ಷ ಸರಾಗವಾಗಿ ಹೆಗಲ ಮೇಲೆ ಕೈ ಹಾಕುತ್ತಿದ್ದ ಗೆಳೆಯ ಈಗ ಎದುರು ಬಂದರೆ ತಾನು ಎದ್ದು ನಿಲ್ಲಬೇಕಾದ, ಸಾಲ ಕೊಟ್ಟ ಧಣಿಯಂತೆ ಆಗಿಬಿಟ್ಟಿದ್ದ. ಇನ್ನೊಬ್ಬನನ್ನು ಹೀಗೆ ಕಳೆದುಕೊಳ್ಳುವುದಕ್ಕೆ ಅವನಿಗೆ ಧೈರ್ಯವಾಗಲಿಲ್ಲ. ಧೈರ್ಯ ಮಾಡದಿದ್ದರೆ ಯಾಯಿಗೆರೆ ಉಳಿಯುವುದಿಲ್ಲ.

ಬುಧವಾರ ಬೆಳಿಗ್ಗೆ ಕಾಲು ತಾನಾಗಿ ರೇವಿಗೆ ಬಂತು. ದೋಣಿಯ ಮೂತಿಯ ಮೇಲೆ ಕೂತಿದ್ದ ಬಾಮೊಯ್ ದೂರದಿಂದಲೇ ಶುರುಮಾಡಿದ.

"ಬಂತಪ್ಪಾ ಗಬ್ಬು. ಮೂಗ್ ಮುಚ್ಕೊಳ್ರೋ."

ಅಪೊಮಿ ತಲೆ ಎತ್ತದೆ ನಡೆದ. ಚೀಲಗಳ ಹತ್ತಿರ ಹೋಗಿ ನಿಂತ.

"ಏನೋ ಈರುಳ್ಳಿ, ನಾಲ್ಗೆ ಒಣಗಿಸೋಕೆ ಹಾಕಿದೀಯಾ ಬಿಸ್ಲಿಗೆ? ಬೈಯೋ. ಬೆಳಿಗ್ಗೆಯಿಂದ ಕಾಯ್ತಿದೀನಿ. ನೀನ್ ಬೈದೇ ಇದ್ರೆ ನಂಗೆ ಗಂಜಿ ಇಳಿಯಲ್ಲ. ಏನ್ ಬೇಕು ನಿಂಗೆ, ಹೇಳು, ಕೊಟ್ಟು ಕಳಿಸ್ತೀನಿ."

ಏನು ಬೇಕು ಎಂದು ಕೇಳಿದ್ದೇ ತಡ, ಮೂರು ದಿನದಿಂದ ಹಿಡಿದಿಟ್ಟಿದ್ದ ಮಾತು ಹೊರಗೆ ಬಂತು. ಆದರೆ ಬಾಮೊಯ್ ಮುಂದೆ ಅವನ ಬಾಯಿಗೆ ಒಂದೇ ದನಿ ಗೊತ್ತಿದ್ದದ್ದು. ಆ ದನಿಯಲ್ಲೇ ಬಂತು.

"ನಿನ್ ರಕ್ತ ಕೊಡೋ ಮೀನೇ. ನಿನ್ ಮೈಯಲ್ಲಿ ಇದ್ರೆ."

ಬಾಮೊಯ್ ಒಂದು ಗಳಿಗೆ ಬಾಯಿ ಬಿಟ್ಟು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಕೇಳುದ್ರೇನ್ರೋ. ಅಜ್ಜಂಗೆ ತೊಡೆ ಕೊಟ್ಟಿದ್ದು ಸಾಲ್ದು, ಮೊಮ್ಮಗ ರಕ್ತ ಕೇಳ್ತಾನೆ. ನಾಳೆ ಮೂಳೆಗ್ ಬರ್ತಾನೆ, ಸಾರು ಮಾಡಕ್ಕೆ." ಹಮಾಲರು ನಕ್ಕರು, ಮೀನು ಹೊಗೆಗೆ ಹಾಕುತ್ತಿದ್ದ ಹೆಂಗಸರು ನಕ್ಕರು. ಅಪೊಮಿಯೂ ನಕ್ಕ. ನಗದೆ ಇನ್ನೇನು ಮಾಡಿಯಾನು. ನಗುತ್ತಲೇ ತಿರುಗಿ ಆಸ್ಪತ್ರೆಯ ದಾರಿ ಹಿಡಿದ. ಹೇಗಿದ್ದರೂ ಬೋಜೊನ ರಕ್ತ ದೋಗೊನನಿಗೆ ನಿಷಿದ್ಧ, ಕೇಳಬಾರದ್ದನ್ನು ಕೇಳಿದೆ, ಅದು ತಮಾಷೆಯಾಗಿ ಹೋದದ್ದೇ ಒಳ್ಳೆಯದಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಅವನಿಗೆ ಹಾಯೆನಿಸಿತ್ತು, ಅದನ್ನು ನೆನೆದು ನಾಚಿಕೆಯೂ ಆಯಿತು.

ಯಾಯಿಗೆರೆಯ ತುಟಿ ಬಿಳಚಿಕೊಂಡಿತ್ತು. ಮಾತಾಡುವಷ್ಟು ಶಕ್ತಿ ಇತ್ತು, ಅದನ್ನೆಲ್ಲ ಗಂಡನಿಗಾಗಿಯೇ ಕೂಡಿಟ್ಟಿದ್ದಳೇನೋ.

"ಇನ್ನೊಬ್ರು ಸಿಕ್ಕಿದ್ರಾ ಕಾಜಾ ಅಪ್ಪ?"

"ನೋಡ್ತಿದೀನಿ."

"ಯಾರನ್ ಕೇಳ್ದೆ?"

ಅವನು ಹಾಸಿಗೆಯ ಕಾಲನ್ನು ನೋಡಿದ. "ಲಸ್ಸಾನಾಗೆ ಬೆನ್ನುನೋವಂತೆ."

"ಕೇಳ್ದ್ಯಾ, ಕೇಳ್ಲಿಲ್ವಾ?"

"ಬೆಳಿಗ್ಗೆ ಬಾಮೊಯ್‌ನ ಕೇಳ್ದೆ. ತಮಾಷೆ ಅಂದ್ಕೊಂಡ, ನಕ್ಬಿಟ್ಟ."

ಯಾಯಿಗೆರೆ ಕಣ್ಣು ಮುಚ್ಚಿದಳು. ನಿದ್ದೆ ಹೋದಳೇನೋ ಎಂದುಕೊಂಡ. ಹೋಗಿರಲಿಲ್ಲ.

"ಊರಿಗೆಲ್ಲಾ ಕೊಟ್ಟೋನು ಅನ್ನೋ ಜಂಬ ನಿಂಗೆ," ಎಂದಳು. "ಅವರ್ ಮನೆ ಹಂಡೆ ತಿಕ್ತೀಯಾ, ಅವರ್ ಗೋರಿ ತೋಡ್ತೀಯಾ, ಅವರು ಒಂದ್ ಬುಟ್ಟಿ ಮಣ್ ಎತ್ತಿ ಕೊಡ್ತೀನಿ ಅಂದ್ರೆ ಬೇಡ ಅಂತೀಯಾ. ಎಲ್ರೂ ಕೆಳಗಿರ್ಬೇಕು, ನೀನೊಬ್ನೇ ಮಾಳಿಗೆ ಮೇಲಿರ್ಬೇಕು. ನಾನ್ ಸತ್ರೂ ಸೈ, ನಿನ್ ಜಂಬ ಸಾಯ್ಬಾರ್ದು. ನಾನು ನಿಂಗೆ ಅಷ್ಟೂ ಆಗ್ಲಿಲ್ವಾ?"

ಇಷ್ಟು ಹೇಳಿ ಗೋಡೆಯ ಕಡೆ ತಿರುಗಿದಳು. ಅವನು ಹಾಸಿಗೆಯ ಬಳಿಯಿಂದ ಎದ್ದ. ಸಂಕೋಚ, ಮರ್ಯಾದೆ ಎಂದೆಲ್ಲ ತಾನು ಕರೆಯುತ್ತಿದ್ದುದಕ್ಕೆ ಇವಳು ಇಷ್ಟು ವರ್ಷ ಜಂಬ ಎನ್ನುತ್ತಿದ್ದಳೇ? ಹೌದೋ ಅಲ್ಲವೋ ಎಂದು ಯೋಚಿಸಲು ಹೊತ್ತಿರಲಿಲ್ಲ. ಅವನು ಓಡಿದ. ಅಪೊಮಿ ಓಡಿದ್ದನ್ನು ರೇವಿನವರು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಬಾಮೊಯ್‌ನ ದೋಣಿ ದೇಬೊ ಸರೋವರದ ಕಡೆ ಹೊರಟು ನಿಂತಿತ್ತು. ಜನ, ಕುರಿ, ಸಜ್ಜೆ ಮೂಟೆ ಎಲ್ಲ ತುಂಬಿ ಮೋಟಾರ್ ಗುರುಗುಡುತ್ತಿತ್ತು. ಅಪೊಮಿ ಮೊಣಕಾಲುದ್ದ ನೀರಿಗೆ ಇಳಿದು ದೋಣಿಯ ಅಂಚು ಹಿಡಿದ.

"ಬಾಮೊಯ್," ಎಂದ.

ಮೀನು, ಕಪ್ಪೆ, ಒದ್ದೆ ಕೌದಿ ಎಂದೆಲ್ಲ ಕರೆದಿದ್ದನೇ ಹೊರತು ಅಷ್ಟು ವರ್ಷದಲ್ಲಿ ಅವನನ್ನು ಹೆಸರು ಹಿಡಿದು ಕರೆದಿರಲಿಲ್ಲ. ಬಾಮೊಯ್ ಮೋಟಾರ್ ನಿಲ್ಲಿಸಿದ.

"ಯಾರ್ ಹೋದ್ರು?"

"ಯಾರೂ ಹೋಗಿಲ್ಲ. ಯಾಯಿಗೆರೆಗೆ ನಾಳೆ ಆಪರೇಷನ್. ರಕ್ತ ಕೊಡೋರು ಇನ್ನೊಬ್ರು ಬೇಕು, ಇವತ್ ಸಂಜೆ ಒಳಗೆ. ಬೆಳಿಗ್ಗೆ ನಾನ್ ಕೇಳಿದ್ದು ತಮಾಷೆಗಲ್ಲ." ಈ ಸಲ ಅವನು ನೆಲ ನೋಡಲಿಲ್ಲ. "ಕೇಳಬಾರ್ದು ಅಂತ ಗೊತ್ತು. ಕೇಳ್ತಿದೀನಿ."

ಬಾಮೊಯ್ ದೋಣಿಯ ಅಂಚಿಗೆ ಬಂದು ಕೂತ. ದೋಣಿಯಲ್ಲಿ ಯಾರೋ, "ಹೊರಡೋದೋ ಹೆಂಗೆ" ಎಂದು ಗೊಣಗಿದರು.

"ಬೆಳಿಗ್ಗೆ ನಾನ್ ನಕ್ಕೆ," ಎಂದ ಬಾಮೊಯ್.

"ನಾನೂ ನಕ್ಕೆ."

"ನೀನ್ ನಕ್ಕಿದ್ದು ಬೇರೆ. ಆ ತಾಯಿ ಅಲ್ಲಿ ಮಲಗಿರೋವಾಗ ನಾನಿಲ್ಲಿ ಹಲ್ ಬಿಟ್ಕೊಂಡು ಮೂಳೆ, ಸಾರು ಅಂದೆ. ಇಡೀ ರೇವನ್ನೇ ನಗಿಸ್ದೆ. ನನ್ನ ಅಂಥೋನ್ ಮಾಡ್ಬಿಟ್ಯಲ್ಲೋ ಅಪೊಮಿ. ಏನ್ ಮಾಡಿದ್ದೆ ನಾನ್ ನಿಂಗೆ?"

ಬಾಮೊಯ್‌ನ ಕಣ್ಣು ಒದ್ದೆಯಾಗಿತ್ತು. ಕೇಳುವವನಿಗೆ ಮಾತ್ರ ನೋವು ಎಂದು ಅಪೊಮಿ ಹುಟ್ಟಿದಾಗಿನಿಂದ ನಂಬಿದ್ದ. ಕೇಳದೆ ಉಳಿದರೆ ಎದುರಿನವನಿಗೂ ನೋವಾದೀತು ಎಂದು ಅವನಿಗೆ ಹೊಳೆದೇ ಇರಲಿಲ್ಲ. ತಪ್ಪಾಯ್ತು ಎಂದ.

ಬಾಮೊಯ್ ತೋಳು ಸವರಿಕೊಂಡ. ಅವನಿಗೆ ಹೆದರಿಕೆ ಇತ್ತು. ಅಜ್ಜಂದಿರ ಮಾತು ಮುರಿದವರ ದೋಣಿ ಮುಳುಗಿದ ಕಥೆ ಕೇಳುತ್ತಲೇ ಬೆಳೆದವನು.

"ಸೂಜಿ ಚುಚ್ಚೋರ್ ಯಾರು?"

"ನರ್ಸಮ್ಮ."

"ಯಾವ್ ಜನ? ದೋಗೊನ್ನಾ?"

"ಅಲ್ಲ. ಬಂಬಾರಾ."

"ಹಂಗಾದ್ರೆ ಚುಚ್ಚೋದು ಅವಳು, ಕೊಡೋದು ನಾನು. ನಿಂಗೇನ್ ಕೆಲ್ಸ ಅಲ್ಲಿ? ನೀನು ಹೊರಗೆ ಗೋಡೆಗೆ ಮುಖ ಮಾಡ್ಕೊಂಡ್ ಕೂತ್ಕೊಬೇಕು. ನಮ್ಮಜ್ಜ ಪೊದೆ ಹಿಂದೆ ಕೊಯ್ಕೊಳ್ಳೋವಾಗ ನಿಮ್ಮಜ್ಜ ನೋಡಿದ್ನಾ? ಇಲ್ಲ. ತಿಂದ, ಬಾಯ್ ಒರೆಸ್ಕೊಂಡ. ನೀನೂ ಅಷ್ಟೇ ಮಾಡು." ಎದ್ದು ನೀರಿಗೆ ಧುಮುಕಿ, ದೋಣಿಯವರ ಕಡೆ ತಿರುಗಿ, "ದೋಣಿ ನಾಳೆ ಹೋಗುತ್ತೆ. ಬೈಯೋರು ಈ ಈರುಳ್ಳಿನ ಬೈಯ್ರಿ," ಎಂದ. ನಾಲ್ಕು ಹೆಜ್ಜೆ ನಡೆದ ಮೇಲೆ ಮೆಲ್ಲಗೆ, "ನಮ್ಮವ್ವಂಗೆ ಮಾತ್ರ ಹೇಳ್ಬೇಡ ಕಣೋ," ಎಂದ.

ಅಪೊಮಿ ಆಸ್ಪತ್ರೆಯ ಅಂಗಳದಲ್ಲಿ ಗೋಡೆಗೆ ಮುಖ ಮಾಡಿ ಕೂತ. ಬಾಗಿಲು ತೆರೆದ ಸದ್ದಾದರೂ ತಿರುಗಲಿಲ್ಲ. ಬಾಮೊಯ್ ಬಂದು ಹೆಗಲ ಮೇಲೆ ಕೈ ಇಟ್ಟಾಗಲೇ ತಿರುಗಿದ್ದು.

ಗುರುವಾರ ಬೆಳಿಗ್ಗೆ ಯಾಯಿಗೆರೆಯನ್ನು ಒಳಗೆ ಒಯ್ದರು. ಬಾಮೊಯ್ ಮನೆಗೂ ಹೋಗಿರಲಿಲ್ಲ, ತಲೆ ಸುತ್ತುತ್ತಿದೆ ಎಂದು ಬೇವಿನ ಮರದಡಿ ಚಾಪೆ ಹಾಕಿ ಅಂಗಾತ ಮಲಗಿದ್ದ. ಆಗ ಲಸ್ಸಾನಾ ಬಂದ. ಕುಶಲ ಇಲ್ಲ, ಸಲಾಮಿಲ್ಲ, ಅಂಗಿಯ ತೋಳು ಮಡಚಿಕೊಂಡೇ ಬಂದ. ನಮ್ಮಲ್ಲಿ ಕುಶಲ ಕೇಳದಿರುವುದಕ್ಕಿಂತ ದೊಡ್ಡ ಸಿಟ್ಟಿಲ್ಲ.

"ನೂಹುಂ ಹೇಳ್ದ," ಎಂದ. "ಮೂರ್ ಲೋಟ ಚಹಾ ಕುಡಿದು, ನನ್ ಬೆನ್ನಿಗೆ ಎಣ್ಣೆ ಹೇಳಿ ಎದ್ ಹೋದ್ಯಲ್ಲಯ್ಯಾ. ಬೆನ್ನುನೋವಿದ್ರೆ ರಕ್ತ ಇರಲ್ವಾ? ಇಷ್ಟು ವರ್ಷ ನಿನ್ ಎದುರುಮನೇಲಿ ನಾನ್ ಯಾಕಿದೀನಿ ಮತ್ತೆ?"

"ಅದಾಯ್ತು ಲಸ್ಸಾನಾ, ಈಗ ಬೇಕಾಗಿಲ್ಲ," ಎನ್ನಲು ಅಪೊಮಿ ಬಾಯಿ ತೆರೆದ. ಮುಗೀತಲ್ಲ ಬಿಡು, ಅದೇ ಹಳೆಯ ಮಾತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದ. "ಇವಳು ಮನೆಗ್ ಬಂದ್ಮೇಲೆ ನೀರ್ ಹೊರೋ ಹಾಗಿಲ್ಲ," ಎಂದ. "ನಾನ್ ರೇವಿಗೆ ಹೋದಾಗ ನಿಮ್ ಮನೆಯವ್ರು ಎರಡ್ ಕೊಡ ತುಂಬಿ ಇಡ್ತಾರಾ?" ಹೇಳಿ, ಹಿಂದೆ ಅಂಗಳದಲ್ಲಿ ನಿಂತ ಹುಡುಗನಂತೆಯೇ ಕಿವಿಯಿಟ್ಟು ಕಾದ. ಲಸ್ಸಾನಾ ನಿಟ್ಟುಸಿರು ಬಿಡಲಿಲ್ಲ. ಮಡಚಿದ ತೋಳು ಇಳಿಸಿ, "ಇಡ್ದೆ ಏನು," ಎಂದು ಪಕ್ಕದಲ್ಲಿ ಕೂತ.

ಬಿಸಿಲು ಏರಿದ ಮೇಲೆ ನರ್ಸು ಬಾಗಿಲಿಗೆ ಬಂದಳು. ಗಡ್ಡೆ ತೆಗೆದಾಯಿತು, ರಕ್ತ ನಿಂತಿದೆ, ಎಚ್ಚರವಾಗಿದ್ದಾಳೆ, ಗಂಡನ ಮೇಲೆ ಇನ್ನೂ ಸಿಟ್ಟಿದೆಯಂತೆ ಎಂದಳು. ಅಪೊಮಿ ಅಲ್ಲೇ ನೆಲಕ್ಕೆ ಕೂತು ಎಲ್ಲರೆದುರು ಅತ್ತ. ಅತ್ತು, ಎದ್ದು, ಬಾಮೊಯ್‌ನ ಚಾಪೆಯ ಬಳಿ ಬಂದು ಎರಡೂ ಕೈ ಹಿಡಿದುಕೊಂಡ.

"ಬಾಮೊಯ್, ನಿನ್ ಉಪಕಾರ ನಾನು..."

ಬಾಮೊಯ್ ಕೈ ಕಿತ್ತುಕೊಂಡ. "ಮುಚ್ಚೋ ಬಾಯಿ. ಉಪಕಾರ ಗಿಪಕಾರ ಎಲ್ಲಾ ದರ್ಜಿಗೆ ಹೇಳ್ಕೋ. ನೆನ್ನೆಯಿಂದ ಹೆಸ್ರು ಹಿಡಿದು ಕರ್ದೂ ಕರ್ದೂ ಜೀವ ತೆಗೀತಿದೀಯಾ. ಯಾರೋ ಪರದೇಶಿ ಮುಂದೆ ಮಲಗಿದ ಹಾಗಿದೆ ನಂಗೆ. ಬೈಯೋ."

"ಈಗ ಬರ್ತಾ ಇಲ್ಲ ಕಣೋ."

"ಬರುತ್ತೆ. ಕೇಳೋದೇ ಬಂತಲ್ಲ, ಬೈಯೋದ್ ಬರಲ್ವಾ?"

ಅಪೊಮಿ ಮೂಗು ಒರೆಸಿಕೊಂಡ. ಆಸ್ಪತ್ರೆಯ ಕಡೆ ನೋಡಿದ, ಬಾಮೊಯ್‌ನ ಮೊಣಕೈಯ ಹತ್ತಿಯನ್ನು ನೋಡಿದ. "ಮೀನೇ," ಎಂದ, ದನಿ ಒಡೆದಿತ್ತು. "ನಿನ್ ರಕ್ತ ಆ ಪೆಟ್ಟಿಗೇಲಿದೆ. ಯಾವ್ ಬಡಪಾಯಿಗೆ ಹಾಕ್ತಾರೋ ಏನೋ. ನಾಳೆ ಅವನು ಎದ್ದೋನೇ ನದಿಗೆ ಹಾರ್ತಾನೆ, ಹೆಂಡ್ತಿ ಮಕ್ಕಳು ದಡದಲ್ಲಿ ಬಲೆ ಹಿಡ್ಕೊಂಡ್ ಅಳ್ತಾರೆ. ಪಾಪ, ಏನ್ ತಪ್ ಮಾಡಿದ್ದ ಅವನು?"

ಬಾಮೊಯ್ ಚಾಪೆಯ ಮೇಲೆ ಮತ್ತೆ ಒರಗಿ ಕಣ್ಣು ಮುಚ್ಚಿದ.

"ಹಾಂ," ಎಂದ. "ಈಗ ತಲೆ ಸುತ್ತೋದ್ ನಿಂತೋಯ್ತು. ಇನ್ನೊಂದ್ ಬೈ."